ಎಷ್ಟರಲ್ಲಿ ಎಷ್ಟು? ಮೆಡಿಕಲ್ ವಿದ್ಯಾರ್ಥಿಯ ಮೊದಲ ರಿಸರ್ಚ್‌ಗೆ ಒಂದು ಕೈಪಿಡಿ

"ಮೇಡಂ, ರಿಸರ್ಚ್ ಮಾಡಬೇಕು ಅಂತಿದೀವಿ. ಒಂದು ಟಾಪಿಕ್ ಕೊಡ್ತೀರಾ?" ಹಾಸನದಲ್ಲಿ ಕಮ್ಯುನಿಟಿ ಮೆಡಿಸಿನ್ ಪಾಠ ಮಾಡುವ ನನ್ನನ್ನು ವಿದ್ಯಾರ್ಥಿಗಳು ಅತಿ ಹೆಚ್ಚು ಸಲ ಕೇಳಿರುವುದು ಇದನ್ನೇ. ಟಾಪಿಕ್ ನಾನು ಕೊಡುವುದಿಲ್ಲ. ಮೇಷ್ಟ್ರು ಕೊಟ್ಟ ಟಾಪಿಕ್ ಕೊನೆಯವರೆಗೂ ಮೇಷ್ಟ್ರದ್ದೇ ಆಗಿರುತ್ತದೆ. ಬಿಸಿಲಲ್ಲಿ ಫಾರಂ ಹಿಡಿದು ಮನೆಮನೆ ಸುತ್ತುವಾಗ, ಎರಡನೇ ವಾರಕ್ಕೇ ಸಾಕಪ್ಪಾ ಅನಿಸಿಬಿಡುತ್ತದೆ. ನಿಮ್ಮದೇ ಪ್ರಶ್ನೆ ಆಗಿದ್ದರೆ ಉತ್ತರ ಏನು ಬರುತ್ತದೋ ನೋಡೋಣ ಅನ್ನುವ ಕುತೂಹಲವಾದರೂ ಎಳೆದುಕೊಂಡು ಹೋಗುತ್ತದೆ.

ಇಲ್ಲಿರುವುದು ಮುಖ್ಯವಾಗಿ ಎಂಬಿಬಿಎಸ್ ಓದುತ್ತಿರುವವರಿಗೆ. ನರ್ಸಿಂಗ್, ಡೆಂಟಲ್, ಫಾರ್ಮಸಿ ಮಕ್ಕಳಿಗೂ ಬಹುಪಾಲು ಹೊಂದುತ್ತದೆ.

ಮೊದಲು ಓದಲು ಕಲಿಯಿರಿ

ಸ್ವಂತ ಸಂಶೋಧನೆಗೆ ಕೈ ಹಾಕುವ ಮುಂಚೆ ಬೇರೆಯವರು ಮಾಡಿದ್ದನ್ನು ಓದಿ ತೂಗಲು ಬರಬೇಕು. ಹಾಗೆ ತೂಗಿ, ಎದುರಿಗಿರುವ ಪೇಷಂಟ್‌ಗೆ ಹೊಂದುತ್ತದೆಯೇ ಅಂತ ನೋಡಿ ಚಿಕಿತ್ಸೆ ಕೊಡುವುದನ್ನೇ ಎವಿಡೆನ್ಸ್ ಬೇಸ್ಡ್ ಮೆಡಿಸಿನ್ ಅನ್ನುವುದು. ಕೆನಡಾದ ಗಾರ್ಡನ್ ಗಯಾಟ್ 1990ರ ದಶಕದ ಶುರುವಿನಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಡೇವಿಡ್ ಸ್ಯಾಕೆಟ್ ಮತ್ತು ಜೊತೆಗಾರರು 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದನ್ನು ಬಿಡಿಸಿ ಹೇಳಿದರು. ಒಳ್ಳೆಯ ಅಧ್ಯಯನಗಳ ಪುರಾವೆ ಬೇಕು, ವೈದ್ಯರ ಅನುಭವ ಬೇಕು, ಪೇಷಂಟ್‌ಗೆ ಏನು ಬೇಕು ಅನ್ನುವುದೂ ಬೇಕು. ಮೂರನೆಯದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಗೈಡ್‌ಲೈನ್ ಪ್ರಕಾರ ಇನ್ಸುಲಿನ್ ಬರೆದು ಕಳಿಸುತ್ತೇವೆ. ಅಜ್ಜಿಯ ಮನೆಯಲ್ಲಿ ಫ್ರಿಜ್ ಇದೆಯಾ, ಇಂಜೆಕ್ಷನ್ ಚುಚ್ಚಲು ಯಾರಿದ್ದಾರೆ ಅಂತ ಕೇಳಿರುವುದೇ ಇಲ್ಲ.

ಪೇಪರ್ ಓದುವಾಗ, ಸುದ್ದಿ ಓದುವಾಗ, ವಾಟ್ಸಾಪ್ ಫಾರ್ವರ್ಡ್ ಬಂದಾಗ ಎರಡು ಪ್ರಶ್ನೆ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಎಷ್ಟರಲ್ಲಿ ಎಷ್ಟು? ಯಾರಿಗೆ ಹೋಲಿಸಿದರೆ? ನನ್ನ ಪಾಠದ ಮುಕ್ಕಾಲು ಭಾಗ ಇದೇ.

ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. 2025ರ ಜೂನ್, ಜುಲೈನಲ್ಲಿ ಟಿವಿ ಹಾಕಿದರೆ ಹಾಸನದ ಹೃದಯಾಘಾತಗಳದ್ದೇ ಸುದ್ದಿ. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಸಾವು ಅಂತ ಲೆಕ್ಕ ಓಡುತ್ತಿತ್ತು. ತೀರಿಕೊಂಡವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ನನ್ನ ಅಕ್ಕ ಕೂಡ ಫೋನ್ ಮಾಡಿ, "ಇಸಿಜಿ ಮಾಡಿಸ್ಬೇಕೇನೇ?" ಅಂತ ಕೇಳಿದಳು. ಆ ವಾರ ಕ್ಲಾಸಿನಲ್ಲಿ ಪಠ್ಯ ಬದಿಗಿಟ್ಟು ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು.

2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ವರ್ಷಕ್ಕೆ ಸಾವಿರ ಜನಕ್ಕೆ ಆರು ಸಾವು ಅಂತ ಹಿಡಿಯಿರಿ. ರಾಜ್ಯದ ಮರಣ ದರ ಹೆಚ್ಚುಕಡಿಮೆ ಅಲ್ಲೇ ಇದೆ. ಅಂದರೆ ವರ್ಷಕ್ಕೆ ಹತ್ತು ಸಾವಿರಕ್ಕೂ ಮೇಲೆ, ತಿಂಗಳಿಗೆ ಸುಮಾರು 890. ದೇಶದಲ್ಲಿ ನಾಲ್ಕರಲ್ಲಿ ಒಂದು ಸಾವಿಗಿಂತ ತುಸು ಹೆಚ್ಚೇ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆಗುತ್ತದೆ. ಹಾಗಾದರೆ ಯಾವ ಸುದ್ದಿಯೂ ಇಲ್ಲದ ತಿಂಗಳಲ್ಲೂ ಜಿಲ್ಲೆಯಲ್ಲಿ ಸುಮಾರು 220 ಜನ ಈ ಕಾರಣಕ್ಕೆ ಸಾಯುತ್ತಾರೆ. ಅವರ ಲೆಕ್ಕವನ್ನು ಯಾವ ಚಾನೆಲ್ಲೂ ಇಟ್ಟಿರುವುದಿಲ್ಲ.

ಇದನ್ನು ಕೇಳಿ ಒಬ್ಬ ಹುಡುಗ "ಹಾಗಾದ್ರೆ ಎಲ್ಲಾ ಗಾಳಿಸುದ್ದಿನಾ ಮೇಡಂ?" ಅಂದ. ಅದೂ ಅವಸರವೇ. ಜನರ ಭಯ ಇದ್ದದ್ದು ಯುವಕರ ಬಗ್ಗೆ. ನಾವು ಹಾಕಿದ ಲೆಕ್ಕದಲ್ಲಿ ಎಲ್ಲ ವಯಸ್ಸಿನವರೂ ಇದ್ದಾರೆ. ಯುವಕರಲ್ಲಿ ಜಾಸ್ತಿ ಆಗಿದೆಯಾ ಅಂತ ಹೇಳಲು ಆ ವಯಸ್ಸಿನವರು ಜಿಲ್ಲೆಯಲ್ಲಿ ಎಷ್ಟಿದ್ದಾರೆ, ಹಿಂದಿನ ವರ್ಷಗಳ ಇದೇ ತಿಂಗಳುಗಳಲ್ಲಿ ಎಷ್ಟು ಜನ ತೀರಿಕೊಂಡಿದ್ದರು ಅನ್ನುವುದು ಬೇಕು. ಅದು ಸಿಗುವುದು ಕಷ್ಟ. ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ಸರ್ಟಿಫಿಕೇಟ್ ಕೊಡುವುದು ಹೆಚ್ಚುಕಡಿಮೆ ಐದರಲ್ಲಿ ಒಂದಕ್ಕೆ ಅಷ್ಟೇ. ಮನೆಯಲ್ಲಿ ಮಲಗಿದ್ದವರು ಬೆಳಗ್ಗೆ ಏಳಲಿಲ್ಲ ಅಂದರೆ ಅದನ್ನು "ಹಾರ್ಟ್ ಅಟ್ಯಾಕ್" ಅಂದುಬಿಡುವುದು ರೂಢಿ. ಪೋಸ್ಟ್‌ಮಾರ್ಟಂ ಆಗಿರುವುದಿಲ್ಲ. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು. ಅಸಹಜ ಏರಿಕೆ ಕಾಣುತ್ತಿಲ್ಲ ಅಂತ ವರದಿ ಬಂತು.

ಒಂದು ಪೇಪರನ್ನು ಬಿಡಿಸಿ ನೋಡೋಣ

ಅದೇ ಗಲಾಟೆಯಲ್ಲಿ ಕೋವಿಡ್ ಲಸಿಕೆಯ ಮೇಲೂ ಅನುಮಾನ ಬಂತು. ಇದಕ್ಕೆ ನೇರವಾಗಿ ಸಂಬಂಧಪಟ್ಟ ಅಧ್ಯಯನ ಆಗಲೇ ಇತ್ತು. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2023ರಲ್ಲಿ ದೇಶದ 47 ಆಸ್ಪತ್ರೆಗಳಲ್ಲಿ ಮಾಡಿದ್ದು. ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟವಾಗಿದೆ, ಉಚಿತವಾಗಿ ಸಿಗುತ್ತದೆ. ಮೊದಲ ಸಲ ಪೇಪರ್ ಓದುವವರಿಗೆ ಒಳ್ಳೆಯ ಅಭ್ಯಾಸ.

ಹೇಗೆ ಮಾಡಿದ್ದಾರೆ ನೋಡಿ. 18ರಿಂದ 45 ವಯಸ್ಸಿನ, ಮೊದಲು ಆರೋಗ್ಯವಾಗಿಯೇ ಇದ್ದು ಕಾರಣ ತಿಳಿಯದೆ ಹಠಾತ್ತಾಗಿ ತೀರಿಕೊಂಡ 729 ಜನ. ಇವರು ಕೇಸ್‌ಗಳು. ಒಬ್ಬೊಬ್ಬರಿಗೂ ಅದೇ ವಯಸ್ಸಿನ, ಅದೇ ಲಿಂಗದ, ಅದೇ ನೆರೆಹೊರೆಯ ನಾಲ್ಕು ಜನ ಬದುಕಿರುವವರು, ಒಟ್ಟು 2,916. ಇವರು ಕಂಟ್ರೋಲ್‌ಗಳು. ಎರಡೂ ಕಡೆ ಒಂದೇ ಪ್ರಶ್ನೆಗಳು. ಲಸಿಕೆ ಹಾಕಿಸಿದ್ದರಾ? ಕೋವಿಡ್‌ಗೆ ಆಸ್ಪತ್ರೆ ಸೇರಿದ್ದರಾ? ಹಿಂದಿನ ಎರಡು ದಿನದಲ್ಲಿ ವಿಪರೀತ ಕುಡಿದಿದ್ದರಾ? "ಯಾರಿಗೆ ಹೋಲಿಸಿದರೆ" ಅನ್ನುವುದಕ್ಕೆ ಉತ್ತರ ಈ ಕಂಟ್ರೋಲ್‌ಗಳು. ಸತ್ತವರಲ್ಲಿ ಇಷ್ಟು ಜನ ಲಸಿಕೆ ಹಾಕಿಸಿದ್ದರು ಅಂತ ಮಾತ್ರ ಹೇಳಿದರೆ ಏನೂ ಹೇಳಿದ ಹಾಗಾಗುವುದಿಲ್ಲ. ಊರಿಗೆ ಊರೇ ಹಾಕಿಸಿತ್ತಲ್ವಾ?

ಫಲಿತಾಂಶದ ಟೇಬಲ್‌ನಲ್ಲಿ ಆಡ್ಸ್ ರೇಷಿಯೋ ಅಂತ ಇರುತ್ತದೆ. ಒಂದು ಅಂದರೆ ಎರಡು ಗುಂಪಿಗೂ ವ್ಯತ್ಯಾಸ ಇಲ್ಲ. ಒಂದಕ್ಕಿಂತ ಹೆಚ್ಚಾದರೆ ಆ ಅಂಶ ಸಾವಿನ ಜೊತೆ ಕಾಣಿಸಿಕೊಳ್ಳುತ್ತಿದೆ ಅಂತ. ಎರಡು ಡೋಸ್ ಲಸಿಕೆಗೆ ಬಂದದ್ದು 0.58. ಅದರ ಪಕ್ಕ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ, 0.37ರಿಂದ 0.92. ಇಡೀ ವ್ಯಾಪ್ತಿ ಒಂದಕ್ಕಿಂತ ಕೆಳಗೇ ಇದೆ. ಕೋವಿಡ್‌ಗೆ ಆಸ್ಪತ್ರೆ ಸೇರಿದ್ದಕ್ಕೆ 3.8, ವ್ಯಾಪ್ತಿ 1.36ರಿಂದ 10.61. ಒಂದಕ್ಕಿಂತ ಮೇಲೇ ಇದೆ, ಆದರೆ ಎಷ್ಟು ಅಗಲ ನೋಡಿ. ಸಂಬಂಧ ಇದೆ ಅನ್ನಬಹುದು, ಎಷ್ಟು ಬಲವಾದದ್ದು ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ. ಮನೆತನದಲ್ಲಿ ಹಠಾತ್ ಸಾವು, 48 ಗಂಟೆಯೊಳಗೆ ವಿಪರೀತ ಕುಡಿತ, ಮಾದಕ ವಸ್ತು, ಮೈಮುರಿಯುವಂಥ ಶ್ರಮ, ಇವೂ ಒಂದರ ಮೇಲೇ ಬಂದಿವೆ.

ಈಗ ಹುಳುಕು ಹುಡುಕಿ. ಸತ್ತವರ ಪರವಾಗಿ ಉತ್ತರ ಕೊಟ್ಟವರು ಮನೆಯವರು. ಅವರ ನೆನಪು ಎಷ್ಟು ಸರಿ? ಮಗ ಕುಡಿದಿದ್ದ ಅಂತ ಎಷ್ಟು ಅಪ್ಪಂದಿರು ಒಪ್ಪಿಕೊಳ್ಳುತ್ತಾರೆ? ಲಸಿಕೆ ಹಾಕಿಸಿಕೊಂಡವರು ಮೊದಲೇ ಆರೋಗ್ಯದ ಬಗ್ಗೆ ಜಾಸ್ತಿ ಕಾಳಜಿ ಇದ್ದವರಾಗಿರಬಹುದಲ್ವಾ? ಹಾಗಾಗಿ "ಲಸಿಕೆ ಹಠಾತ್ ಸಾವನ್ನು ತಡೆಯುತ್ತದೆ" ಅಂತ ನಾನು ಹೇಳುವುದಿಲ್ಲ. "ಲಸಿಕೆಯಿಂದ ಹಠಾತ್ ಸಾವು ಹೆಚ್ಚಾಯಿತು ಅನ್ನುವ ಮಾತಿಗೆ ಇಲ್ಲಿ ಆಧಾರ ಇಲ್ಲ" ಅಂತ ಧೈರ್ಯವಾಗಿ ಹೇಳುತ್ತೇನೆ.

ತರ್ಕಕ್ಕೆ ಸರಿ ಕಂಡ ಮಾತ್ರಕ್ಕೆ ಚಿಕಿತ್ಸೆ ಸರಿ ಆಗುವುದಿಲ್ಲ ಅನ್ನುವುದಕ್ಕೆ ಇನ್ನೊಂದು ಹಳೆಯ ಪಾಠ ಇದೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಎದೆಬಡಿತ ಏರುಪೇರಾದರೆ ಅಪಾಯ. ಆ ಏರುಪೇರು ನಿಲ್ಲಿಸುವ ಮಾತ್ರೆ ಕೊಟ್ಟರೆ ಸಾವು ಕಡಿಮೆ ಆಗಬೇಕು. ಫಿಸಿಯಾಲಜಿ ಓದಿದ ಯಾರಾದರೂ ಒಪ್ಪುತ್ತಾರೆ. ಎನ್‌ಕೈನೈಡ್, ಫ್ಲೆಕೈನೈಡ್ ಅನ್ನುವ ಮಾತ್ರೆಗಳನ್ನು ಅಮೆರಿಕದಲ್ಲಿ ಕೊಡುತ್ತಲೂ ಇದ್ದರು. ಕಾಸ್ಟ್ ಎಂಬ ಟ್ರಯಲ್‌ನಲ್ಲಿ ಇವನ್ನು ನಕಲಿ ಮಾತ್ರೆ (ನೋಡಲು ಹಾಗೇ ಇದ್ದು ಒಳಗೆ ಔಷಧ ಇಲ್ಲದ್ದು) ಜೊತೆ ಹೋಲಿಸಿದರು. ಮಾತ್ರೆ ತೆಗೆದುಕೊಂಡ 755 ಜನರಲ್ಲಿ 63 ಸಾವು. ನಕಲಿ ಮಾತ್ರೆಯ 743 ಜನರಲ್ಲಿ 26. ಇಸಿಜಿ ಚೆನ್ನಾಗಿ ಕಾಣುತ್ತಿತ್ತು, ಜನ ಸಾಯುತ್ತಿದ್ದರು.

ನಮ್ಮ ಹತ್ತಿರದ್ದೂ ಒಂದು ಓದಿ. 1950ರ ದಶಕದಲ್ಲಿ ಕ್ಷಯ ಬಂದರೆ ಸ್ಯಾನಟೋರಿಯಂನಲ್ಲಿ ತಿಂಗಳುಗಟ್ಟಲೆ ಮಲಗಿಸಬೇಕು, ಒಳ್ಳೆಯ ಊಟ ಹಾಕಬೇಕು ಅನ್ನುತ್ತಿದ್ದರು. ಬಡವರಿಗೆ ಅಷ್ಟು ಹಾಸಿಗೆ ಎಲ್ಲಿಂದ ತರುವುದು? ಮದ್ರಾಸಿನಲ್ಲಿ ಪೇಷಂಟ್‌ಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮನೆಯಲ್ಲೇ, ಇನ್ನೊಂದಕ್ಕೆ ಸ್ಯಾನಟೋರಿಯಂನಲ್ಲಿ ಅದೇ ಔಷಧ ಕೊಟ್ಟರು. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಸ್ಯಾನಟೋರಿಯಂನವರಷ್ಟೇ ಗುಣವಾಗಿದ್ದರು. ಮನೆಮಂದಿಗೆ ಅದರಿಂದ ಜಾಸ್ತಿ ಸೋಂಕೂ ತಗಲಲಿಲ್ಲ. ಇವತ್ತು ಆಲೂರಿನ ಪೇಷಂಟ್ ಮನೆಯಲ್ಲಿದ್ದೇ ಟಿಬಿ ಮಾತ್ರೆ ನುಂಗುತ್ತಿದ್ದರೆ ಅದಕ್ಕೆ ಆ ಅಧ್ಯಯನವೂ ಒಂದು ಕಾರಣ.

ಪ್ರಶ್ನೆ ಎಲ್ಲಿ ಸಿಗುತ್ತದೆ

ವಾರ್ಡಿನಲ್ಲಿ, ಓಪಿಡಿಯಲ್ಲಿ, ಫ್ಯಾಮಿಲಿ ಅಡಾಪ್ಷನ್ ಪ್ರೋಗ್ರಾಂಗೆ (ಮೆಡಿಕಲ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳ ಆರೋಗ್ಯ ನೋಡಿಕೊಳ್ಳುವ ಕಾರ್ಯಕ್ರಮ) ಹೋಗುವ ಹಳ್ಳಿಗಳಲ್ಲಿ. ಜೇಬಿನಲ್ಲಿ ಸಣ್ಣ ಪುಸ್ತಕ ಇಟ್ಟುಕೊಳ್ಳಿ. "ಇದು ಯಾಕೆ ಹೀಗೆ?" ಅನಿಸಿದ್ದನ್ನೆಲ್ಲ ಬರೆಯಿರಿ. ಫೋನಿನಲ್ಲಿ ಬರೆದರೆ ಅದು ಕಳೆದುಹೋಗುತ್ತದೆ, ನನಗಂತೂ ಕಾಗದದ ಮೇಲೇ ನಂಬಿಕೆ.

ನನಗೆ ಇಷ್ಟವಾದ ಒಂದು ಪ್ರಶ್ನೆ ಹುಟ್ಟಿದ್ದು ನಮ್ಮ ಮನೆಯಲ್ಲೇ. ನಮ್ಮದು ಅರಕಲಗೂಡು ಕಡೆ, ಹೊಗೆಸೊಪ್ಪಿನ ಬೆಳೆ. ಅಮ್ಮನಿಗೆ ಬಿಪಿ. ಮಾತ್ರೆ ಡಬ್ಬಿ ಗೋಡೆಗೂಡಿನಲ್ಲಿ ತುಂಬಿಕೊಂಡೇ ಇರುತ್ತದೆ. ಕೇಳಿದರೆ, "ಚೆನ್ನಾಗೇ ಇದೀನಲ್ಲ, ಸುಮ್ನೆ ಯಾಕೆ ನುಂಗಲಿ?" ಅನ್ನುತ್ತಾರೆ. ಡಾಕ್ಟರ್ ಮಗಳ ಮಾತು ಲೆಕ್ಕಕ್ಕಿಲ್ಲ.

ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿನಿ "ಕಾಫಿ ತೋಟದ ಕಾರ್ಮಿಕರ ಆರೋಗ್ಯದ ಮೇಲೆ ಮಾಡ್ತೀನಿ ಮೇಡಂ" ಅಂತ ಬಂದಳು. ಅದು ಹತ್ತು ಪಿಎಚ್‌ಡಿಗೆ ಸಾಕಾಗುವಷ್ಟು ದೊಡ್ಡದು. ಕುಳಿತು ಕೆತ್ತಿದೆವು. ಯಾರು? ಎಸ್ಟೇಟ್ ಲೈನ್ ಮನೆಗಳಲ್ಲಿರುವ (ಕೆಲಸದವರಿಗೆ ಕಟ್ಟಿದ ಸಾಲು ಮನೆಗಳು), 30 ದಾಟಿದ, ಬಿಪಿ ಇದೆ ಅಂತ ಈಗಾಗಲೇ ಗೊತ್ತಿರುವವರು. ಏನನ್ನು ಅಳೆಯುವುದು? ಕಳೆದ ಏಳು ದಿನ ಮಾತ್ರೆ ತಪ್ಪಿಸದೆ ತೆಗೆದುಕೊಂಡಿದ್ದಾರಾ. ಯಾರಿಗೆ ಹೋಲಿಸುವುದು? ಮಾತ್ರೆ ಮನೆ ಹತ್ತಿರವೇ ಸಿಗುವವರನ್ನು, ತಾಲ್ಲೂಕು ಆಸ್ಪತ್ರೆಗೆ ಹೋಗಿ ತರುವವರಿಗೆ. ಇಷ್ಟಾದ ಮೇಲೆ ಅದು ಎರಡು ತಿಂಗಳ ಕೆಲಸ ಆಯಿತು. ಹೀಗೆ ಕೆತ್ತುವ ವಿಧಾನಕ್ಕೆ ಪಿಕೋ ಅನ್ನುತ್ತಾರೆ. ಯಾವ ಜನ, ಏನು ಮಾಡಿದೆವು, ಯಾವುದಕ್ಕೆ ಹೋಲಿಸಿದೆವು, ಕೊನೆಗೆ ಏನನ್ನು ನೋಡುತ್ತೇವೆ, ಈ ನಾಲ್ಕನ್ನು ಒಂದೇ ವಾಕ್ಯದಲ್ಲಿ ಹೇಳಲು ಬಂದರೆ ಪ್ರಶ್ನೆ ತಯಾರು.

ಇನ್ನೊಂದು ಮಾತು. ಉತ್ತರ "ಹೌದು" ಬಂದರೂ "ಇಲ್ಲ" ಬಂದರೂ ಯಾರಿಗಾದರೂ ಉಪಯೋಗ ಇರಬೇಕು. "ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಮೊಬೈಲ್ ಬಳಕೆ" ಅನ್ನುವ ಸರ್ವೇ ಇನ್ನೊಂದು ಬೇಡ. ದಯವಿಟ್ಟು.

ಹುಡುಕುವುದು

ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ವೆಬ್‌ಸೈಟ್ ಪಬ್‌ಮೆಡ್ ಉಚಿತ. ಗೂಗಲ್‌ನಲ್ಲಿ ಹುಡುಕಿದಂತೆ ಇಡೀ ವಾಕ್ಯ ಹಾಕಬೇಡಿ. ನಿಮ್ಮ ಪ್ರಶ್ನೆಯ ಮುಖ್ಯ ಪದಗಳನ್ನು ಬಿಡಿಸಿಕೊಳ್ಳಿ. ಒಂದೇ ಅರ್ಥದ ಪದಗಳ ನಡುವೆ "ಆರ್", ಬೇರೆ ಬೇರೆ ವಿಷಯಗಳ ನಡುವೆ "ಆಂಡ್", ಎರಡೂ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ (OR, AND). ಪಬ್‌ಮೆಡ್‌ಗೆ ಮೆಶ್ ಅನ್ನುವ ತನ್ನದೇ ಪದಕೋಶ ಇದೆ. ನಿಮ್ಮ ಪದಕ್ಕೆ ಅಲ್ಲಿ ಏನು ಹೆಸರು ಅಂತ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಮೊದಲು ಸಿಸ್ಟಮ್ಯಾಟಿಕ್ ರಿವ್ಯೂ ಇದೆಯಾ ನೋಡಿ. ಕಾಕ್ರೇನ್ ಲೈಬ್ರರಿಯಿಂದ ಶುರು ಮಾಡಬಹುದು. ಒಂದೇ ಪ್ರಶ್ನೆಯ ಎಲ್ಲ ಟ್ರಯಲ್‌ಗಳನ್ನು ಹುಡುಕಿ, ತೂಗಿ, ಒಟ್ಟು ಮಾಡಿ ಕೊಟ್ಟಿರುತ್ತಾರೆ.

ಪೂರ್ತಿ ಪೇಪರ್ ದುಡ್ಡು ಕೇಳಿದರೆ ಕೊಡಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿ ಹೆಲಿನೆಟ್ ಮೂಲಕ ಬಹಳಷ್ಟು ಜರ್ನಲ್ ಸಿಗುತ್ತವೆ. ಸರ್ಕಾರಿ ಕಾಲೇಜುಗಳಿಗೆ 2025ರ ಜನವರಿಯಿಂದ ವನ್ ನೇಷನ್ ವನ್ ಸಬ್‌ಸ್ಕ್ರಿಪ್ಷನ್ ಯೋಜನೆ ಇದೆ. ಲೈಬ್ರರಿಯನ್ ಹತ್ತಿರ ಹೋಗಿ ಲಾಗಿನ್ ಕೇಳಿ. ಯಾರೂ ಕೇಳುವುದಿಲ್ಲ ಅಂತ ಅವರಿಗೇ ಬೇಜಾರು ಇರುತ್ತದೆ.

ಚಾಟ್‌ಬಾಟ್ ಕೇಳಿದರೆ ಆಗಲ್ವಾ ಅಂತೀರಿ. ಪದ ಹುಡುಕಲು, ಕಷ್ಟದ ಪ್ಯಾರಾ ಅರ್ಥ ಮಾಡಿಕೊಳ್ಳಲು ಕೇಳಿ, ತಪ್ಪಿಲ್ಲ. ರೆಫರೆನ್ಸ್ ಕೊಟ್ಟರೆ ಮಾತ್ರ ಒಂದೊಂದನ್ನೂ ಪಬ್‌ಮೆಡ್‌ನಲ್ಲಿ ಹಾಕಿ ನೋಡಿ. ಹೆಸರು, ವರ್ಷ, ಜರ್ನಲ್ ಎಲ್ಲ ಸರಿ ಕಾಣುತ್ತದೆ, ಪೇಪರ್ ಮಾತ್ರ ಇರುವುದೇ ಇಲ್ಲ. ಓದಿದ್ದನ್ನು ರೆಫರೆನ್ಸ್ ಜೋಡಿಸಿಡುವ ಸಾಫ್ಟ್‌ವೇರ್ ಜೋಟೆರೋದಲ್ಲಿ ಸೇರಿಸುತ್ತಾ ಹೋಗಿ, ಅದೂ ಉಚಿತ.

ಓದುವಾಗ ಶೇಕಡಾವಾರು ಕಂಡ ಕೂಡಲೇ ನಿಲ್ಲಿ. ಮಲೆನಾಡಿನವರಿಗೆ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು, ಕೊಪ್ಪ, ನರಸಿಂಹರಾಜಪುರದ ಕಡೆಯೂ ಇದೆ. ಅದರ ಹಳೆಯ ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಅಂತ 2005ರಿಂದ 2010ರ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿದ ಅಧ್ಯಯನ ಇದೆ. ಒಂದೇ ಡೋಸ್‌ನಿಂದ ಪ್ರಯೋಜನ ಕಾಣಲಿಲ್ಲ. ಎರಡು ಡೋಸ್‌ಗೆ ಶೇ. 62, ಬೂಸ್ಟರ್ ಸೇರಿದರೆ ಶೇ. 83. ಶೇ. 62 ಅಂದರೇನು? ಹಾಕಿಸದ ಸಾವಿರ ಜನರಲ್ಲಿ ಹತ್ತು ಜನಕ್ಕೆ ಕಾಯಿಲೆ ಬರುವ ಊರು ಅಂದುಕೊಳ್ಳಿ. ಎರಡು ಡೋಸ್ ಹಾಕಿಸಿದ ಸಾವಿರದಲ್ಲಿ ನಾಲ್ಕು ಜನಕ್ಕೆ ಬರುತ್ತದೆ. ತಪ್ಪಿದ್ದು ಸಾವಿರಕ್ಕೆ ಆರು. ಎರಡೂ ಸತ್ಯವೇ. ಊರಿನವರಿಗೆ ಯಾವುದನ್ನು ಹೇಳಿದರೆ ಅರ್ಥವಾಗುತ್ತದೆ ಅಂತ ನೀವೇ ಯೋಚಿಸಿ. ಆ ಲಸಿಕೆಯ ಬಳಕೆ ಈಗ ನಿಂತಿದೆ.

ಎಷ್ಟು ಜನ ಬೇಕು, ಯಾವ ಜನ ಬೇಕು

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅಂತಾರೆ. ಊರು ಅಷ್ಟು ಸಮವಾಗಿ ಬೆಂದಿರುವುದಿಲ್ಲ. ಆಸ್ಪತ್ರೆಗೆ ಬಂದವರನ್ನು ಮಾತ್ರ ಕೇಳಿದರೆ ಮಾತ್ರೆ ಬಿಟ್ಟು ಮನೆಯಲ್ಲಿ ಕೂತವರು ನಿಮ್ಮ ಲೆಕ್ಕಕ್ಕೇ ಬರುವುದಿಲ್ಲ, ನಿಮಗೆ ಬೇಕಾದದ್ದು ಅವರೇ. ಹಾಗಾಗಿ ಮೊದಲು ಪಟ್ಟಿ ಬೇಕು. ಆಶಾ ಕಾರ್ಯಕರ್ತೆಯ ಹತ್ತಿರ ಇರುತ್ತದೆ. ಆ ಪಟ್ಟಿಯಿಂದ ಲಾಟರಿ ಎತ್ತಿದಂತೆ ಆರಿಸಿ.

ಎಷ್ಟು ಜನ ಅನ್ನುವುದಕ್ಕೆ ನಮ್ಮ ಪಠ್ಯದ ಸೂತ್ರ ಇದೆ. ನಾಲ್ಕು ಪಿ ಕ್ಯೂ, ಭಾಗಿಸು ಡಿ ವರ್ಗ. ಹಿಂದಿನ ಅಧ್ಯಯನದಲ್ಲಿ ಶೇ. 40 ಜನ ಸರಿಯಾಗಿ ಮಾತ್ರೆ ತೆಗೆದುಕೊಂಡಿದ್ದರು ಅಂದುಕೊಳ್ಳಿ. ಪಿ 40, ಕ್ಯೂ 60. ಐದು ಆಚೀಚೆ ತಪ್ಪಾದರೆ ಪರವಾಗಿಲ್ಲ ಅಂದರೆ ಡಿ 5. ನಾಲ್ಕು ಇಂಟು 40 ಇಂಟು 60 ಅಂದರೆ 9,600, ಅದನ್ನು 25ರಿಂದ ಭಾಗಿಸಿದರೆ 384 ಜನ. ಹತ್ತು ಆಚೀಚೆ ಆಗಬಹುದು ಅಂದರೆ 96 ಸಾಕು. ಎರಡು ತಿಂಗಳಲ್ಲಿ ಒಬ್ಬರಿಂದ ಏನಾಗುತ್ತದೆ ಅಂತ ಇಲ್ಲೇ ಗೊತ್ತಾಗುತ್ತದೆ. ಎರಡು ಗುಂಪು ಹೋಲಿಸುವುದಕ್ಕೆ ಸೂತ್ರ ಬೇರೆ. ಓಪನ್‌ಎಪಿ ಅನ್ನುವ ವೆಬ್‌ಸೈಟ್ ಲೆಕ್ಕ ಮಾಡಿಕೊಡುತ್ತದೆ, ನಿಮ್ಮ ಗೈಡ್‌ಗೆ ತೋರಿಸಿ ಖಚಿತ ಮಾಡಿಕೊಳ್ಳಿ.

ಎಥಿಕ್ಸ್ ಕಮಿಟಿ

ಅನುಮತಿ ಪತ್ರ ಕೈಗೆ ಬರುವ ಮುಂಚೆ ಒಂದೇ ಒಂದು ಫಾರಂ ಕೂಡ ತುಂಬಿಸಬೇಡಿ. "ಬರೀ ಪ್ರಶ್ನೆ ಕೇಳೋದಲ್ವಾ ಮೇಡಂ" ಅಂತಾರೆ. ಬರೀ ಪ್ರಶ್ನೆಗೂ ಬೇಕು. ಹಳೆಯ ಕೇಸ್‌ಶೀಟ್ ನೋಡುವುದಕ್ಕೂ ಕಮಿಟಿಗೆ ಕೊಡಬೇಕು. ಪೂರ್ತಿ ಸಭೆ ಬೇಕಾ, ವಿನಾಯಿತಿ ಇದೆಯಾ ಅಂತ ತೀರ್ಮಾನಿಸುವುದು ಅವರು. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಓದಿ. ಸಭೆ ಆಗಾಗ ನಡೆಯುವುದಿಲ್ಲ, ದಿನಾಂಕ ಮೊದಲೇ ವಿಚಾರಿಸಿ. ಔಷಧ ಕೊಟ್ಟು ನೋಡುವ ಟ್ರಯಲ್ ಆದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಟ್ರಯಲ್‌ಗಳನ್ನು ದಾಖಲಿಸುವ ದೇಶದ ನೋಂದಣಿ ವ್ಯವಸ್ಥೆ ಸಿಟಿಆರ್‌ಐನಲ್ಲಿ ನೋಂದಣಿ ಆಗಬೇಕು. ಮೊದಲ ಪ್ರಯತ್ನಕ್ಕೆ ಅಂಥದ್ದು ಬೇಡ.

ಒಪ್ಪಿಗೆ ಪತ್ರ ಜನರ ಭಾಷೆಯಲ್ಲಿ ಇರಲಿ. ಸಕಲೇಶಪುರದ ತೋಟಗಳಲ್ಲಿ ಈಗ ಅಸ್ಸಾಂನಿಂದ ಬಂದವರೂ ಬಹಳ. ಅವರಿಗೆ ಕನ್ನಡದ ಪತ್ರ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿದರೆ ಅದು ಒಪ್ಪಿಗೆ ಅಲ್ಲ. ಇನ್ನೊಂದು ಸೂಕ್ಷ್ಮ ಇದೆ. ಎಸ್ಟೇಟಿನ ರೈಟರ್ (ಕೆಲಸದವರ ಮೇಲ್ವಿಚಾರಕ) ಪಕ್ಕದಲ್ಲಿ ನಿಂತಿದ್ದರೆ ಕೆಲಸದವರು "ಆಗಲ್ಲ" ಅನ್ನುತ್ತಾರಾ? ರೈಟರ್‌ಗೆ ಟೀ ಕುಡಿದು ಬರಲು ಹೇಳಿ.

ಊರಿಗೆ ಇಳಿದ ಮೇಲೆ

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಹಗಲು ಹೋದರೆ ಲೈನ್ ಮನೆಯಲ್ಲಿ ವಯಸ್ಸಾದವರು, ಮಕ್ಕಳು ಬಿಟ್ಟರೆ ಯಾರೂ ಸಿಗುವುದಿಲ್ಲ. ಸಂಜೆ ಅಥವಾ ರಜೆ ದಿನ ಹೋಗಿ. ಬಟವಾಡೆ ದಿನ ಎಲ್ಲರೂ ಒಂದೇ ಕಡೆ ಸಿಗುತ್ತಾರೆ ನಿಜ, ಆದರೆ ಸಂಬಳ ಎಣಿಸುತ್ತಿರುವವರಿಗೆ ನಿಮ್ಮ ಪ್ರಶ್ನೆ ಕೇಳಿಸುವುದಿಲ್ಲ. ಆನೆ ಓಡಾಟ ಇರುವ ಕಡೆ ಕತ್ತಲಾಗುವ ಮುಂಚೆ ವಾಪಸ್ ಹೊರಡಿ. ಆ ದಿನದ ಸುದ್ದಿ ಆಶಾ ಅಕ್ಕನನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಪ್ರಶ್ನಾವಳಿಯನ್ನು ಮೊದಲು ಹತ್ತು ಜನರ ಮೇಲೆ ಪ್ರಯೋಗಿಸಿ. ಊರಿನ ಮಾತಿನಲ್ಲಿ ಕೇಳಿ. ಕುಡಿತದ ಪ್ರಶ್ನೆ ಕೊನೆಯಲ್ಲಿರಲಿ. "ಮಾತ್ರೆ ಸರಿಯಾಗಿ ತಗೊಳ್ತೀರಾ?" ಅಂದರೆ ಎಲ್ಲರೂ "ಹೂಂ" ಅನ್ನುತ್ತಾರೆ. "ಹೋದ ವಾರ ಎಷ್ಟು ದಿನ ತಪ್ಪಿತು?" ಅಂದರೆ ನಿಜ ಹೊರಗೆ ಬರುತ್ತದೆ. ಸ್ಟ್ರಿಪ್ ತೋರಿಸಿ ಅಂದು ಎಣಿಸಿದರೆ ಇನ್ನೂ ಒಳ್ಳೆಯದು.

ಬಿಪಿ ನೋಡುವ ಮುಂಚೆ ಐದು ನಿಮಿಷ ಕೂರಿಸಿ. ಬೀಡಿ, ಕಾಫಿ ಅರ್ಧ ಗಂಟೆ ಬೇಡ. ಎರಡು ಸಲ ಅಳೆಯಿರಿ. ನಿಮ್ಮ ಹಾಳೆ ಕೈಗೆ ಬಂದರೆ ನಾನು ಮೊದಲು ನೋಡುವುದು ಕೊನೆಯ ಅಂಕಿ. ನಿಜವಾಗಿ ಅಳೆದಿದ್ದರೆ 128, 134, 146 ಎಲ್ಲ ಇರುತ್ತವೆ. ಹಾಸ್ಟೆಲ್ ರೂಮಿನಲ್ಲಿ ಕೂತು ತುಂಬಿದ ಫಾರಂಗಳಲ್ಲಿ 120, 130, 140 ಸಾಲಾಗಿ ನಿಂತಿರುತ್ತವೆ. ಗೊತ್ತಾಗಿಬಿಡುತ್ತದೆ ಮಕ್ಕಳೇ.

ಅಂದಿನ ಫಾರಂ ಅಂದೇ ಎಕ್ಸೆಲ್‌ಗೆ ಹಾಕಿ. ಒಬ್ಬರಿಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಾಲಂ. ಹೆಸರು ಬೇಡ, ನಂಬರ್ ಮಾತ್ರ. ಉತ್ತರ ಇಲ್ಲದಿದ್ದರೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಬಣ್ಣ ಬಳಿದು ಗುರುತು ಇಟ್ಟರೆ ಯಾವ ಸಾಫ್ಟ್‌ವೇರಿಗೂ ಅದು ಕಾಣುವುದಿಲ್ಲ. ಲೆಕ್ಕಕ್ಕೆ ಜಮೋವಿ ಅಥವಾ ಎಪಿ ಇನ್ಫೋ ಸಾಕು, ಎರಡೂ ಉಚಿತ. ದುಡ್ಡು ಕೊಟ್ಟು ಬೇರೆಯವರಿಂದ ಅನಾಲಿಸಿಸ್ ಮಾಡಿಸಿದರೆ ನಿಮ್ಮ ಪೇಪರ್ ಬಗ್ಗೆ ನಿಮಗೇ ಉತ್ತರ ಕೊಡಲು ಬರುವುದಿಲ್ಲ. ಪಿ ವ್ಯಾಲ್ಯೂ (ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂತು ಅಂತ ಕುಣಿಯಬೇಡಿ, ವ್ಯತ್ಯಾಸ ಎಷ್ಟು, ಇಂಟರ್ವಲ್ ಎಷ್ಟು ಅಗಲ ಅಂತ ನೋಡಿ. ಇಪ್ಪತ್ತು ಸಂಬಂಧ ಪರೀಕ್ಷಿಸಿದರೆ ಏನೂ ಇಲ್ಲದಿದ್ದರೂ ಒಂದು ಹಾಗೆ ಬರಬಹುದು. ಯಾವುದನ್ನು ಪರೀಕ್ಷಿಸುತ್ತೇವೆ ಅಂತ ಮೊದಲೇ ಬರೆದಿಡುವುದು ಅದಕ್ಕೇ.

ದುಡ್ಡು, ಗೈಡ್, ಪ್ರಕಟಣೆ

ಐಸಿಎಂಆರ್‌ನ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ 1979ರಿಂದ ಇದೆ. ಎರಡು ತಿಂಗಳ ಕೆಲಸ, ಎಂಬಿಬಿಎಸ್ ಮತ್ತು ಬಿಡಿಎಸ್ ವಿದ್ಯಾರ್ಥಿಗಳಿಗೆ. ಇಂಟರ್ನ್‌ಗಳಿಗೆ ಇಲ್ಲ. ಈಚಿನ ವರ್ಷಗಳಲ್ಲಿ 50,000 ರೂಪಾಯಿ ಕೊಡುತ್ತಿದ್ದಾರೆ, ವರದಿ ಒಪ್ಪಿಗೆಯಾದ ಮೇಲೆ. ಹಾಗಾಗಿ ಬಸ್ ಚಾರ್ಜು, ಜೆರಾಕ್ಸು ಮೊದಲು ನಿಮ್ಮ ಕೈಯಿಂದಲೇ. ಒಬ್ಬ ಗೈಡ್ ಒಬ್ಬರನ್ನೇ ತೆಗೆದುಕೊಳ್ಳಬಹುದು, ಆದ್ದರಿಂದ ಪ್ರಕಟಣೆ ಬಂದ ಮೇಲೆ ಗೈಡ್ ಹುಡುಕಿದರೆ ತಡ. ಆ ವರ್ಷದ ನಿಯಮ ಓದಿಯೇ ಅರ್ಜಿ ಹಾಕಿ.

ಗೈಡ್ ಆರಿಸುವಾಗ ದೊಡ್ಡ ಹೆಸರು ನೋಡಬೇಡಿ. ಕಳಿಸಿದ ಡ್ರಾಫ್ಟನ್ನು ವಾರದೊಳಗೆ ಓದಿ ಗೀಚಿ ವಾಪಸ್ ಕೊಡುವವರನ್ನು ನೋಡಿ. ಸೀನಿಯರ್‌ಗಳನ್ನು ಕೇಳಿದರೆ ಹೇಳುತ್ತಾರೆ. ಪೇಪರಿನಲ್ಲಿ ಯಾರ ಹೆಸರು, ಯಾವ ಕ್ರಮದಲ್ಲಿ ಅನ್ನುವುದನ್ನು ಶುರುವಿನಲ್ಲೇ ಮಾತಾಡಿಕೊಳ್ಳಿ. ಸಂಕೋಚ ಆಗುತ್ತದೆ, ಆದರೂ ಮಾತಾಡಿ. ಕೆಲಸ ಮಾಡದವರ ಹೆಸರು ಗೌರವಕ್ಕೆ ಅಂತ ಸೇರಿಸುವ ಪದ್ಧತಿ ಇನ್ನೂ ಹೋಗಿಲ್ಲ, ಹೋಗಬೇಕು.

ಬರೆಯುವಾಗ, ಪೇಪರಿನಲ್ಲಿ ಏನೇನು ಇರಬೇಕು ಅಂತ ಹೇಳುವ ಸ್ಟ್ರೋಬ್ ಚೆಕ್‌ಲಿಸ್ಟ್ ಪಕ್ಕದಲ್ಲಿಟ್ಟುಕೊಳ್ಳಿ, ನಮ್ಮಂಥ ಸರ್ವೇಗಳಿಗೆ ಅದೇ. ಎಷ್ಟು ಮನೆಗೆ ಹೋದಿರಿ, ಎಷ್ಟು ಜನ ಸಿಗಲಿಲ್ಲ, ಎಷ್ಟು ಜನ ಒಪ್ಪಲಿಲ್ಲ ಅಂತ ಬರೆಯಿರಿ. ಅದನ್ನು ಮುಚ್ಚಿಟ್ಟರೆ ಓದುವವರಿಗೆ "ಎಷ್ಟರಲ್ಲಿ ಎಷ್ಟು" ಗೊತ್ತಾಗುವುದಿಲ್ಲ.

"ಡಿಯರ್ ಎಮಿನೆಂಟ್ ಪ್ರೊಫೆಸರ್" ಅಂತ ಸೆಕೆಂಡ್ ಇಯರ್ ಹುಡುಗನಿಗೆ ಮೇಲ್ ಬಂದರೆ ಅದು ದುಡ್ಡು ಕೀಳುವ ಜರ್ನಲ್ಲೇ. ನನಗೆ ಗೊತ್ತಿರುವ ಒಬ್ಬಳು ಹಾಗೆ ಫೀಸ್ ಕಟ್ಟಿದಳು, ಮೂರೇ ದಿನದಲ್ಲಿ ಒಪ್ಪಿಗೆ ಬಂತು, ಯಾರೂ ಓದಿಯೇ ಇರಲಿಲ್ಲ. ಪೇಪರನ್ನು ವಾಪಸ್ ತೆಗೆದುಕೊಳ್ಳಲೂ ಬಿಡಲಿಲ್ಲ. ಕಳಿಸುವ ಮುಂಚೆ ಆ ಜರ್ನಲ್ ಪಬ್‌ಮೆಡ್‌ನಲ್ಲಿ ಬರುತ್ತದೆಯಾ, ಉಚಿತವಾಗಿ ಓದಲು ಸಿಗುವ ಜರ್ನಲ್‌ಗಳ ಡಿಓಎಜೆ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ.

ಫಲಿತಾಂಶ ಬಂದ ಮೇಲೆ ಒಂದು ಪುಟದ ಕನ್ನಡ ಸಾರಾಂಶ ಮಾಡಿ ಆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆಶಾ ಅಕ್ಕನಿಗೂ ಕೊಟ್ಟು ಬನ್ನಿ. ಸ್ಟೂಡೆಂಟ್‌ಶಿಪ್ ಸಿಗದಿದ್ದರೂ ಕಮಿಟಿಯ ಅನುಮತಿ ಇದ್ದರೆ ಕೆಲಸ ನಿಲ್ಲಿಸಬೇಕಿಲ್ಲ. ಜನರ ಸಂಖ್ಯೆ ಕಡಿಮೆ ಮಾಡಿ, ಬದಲಾದ ಪ್ರೋಟೋಕಾಲನ್ನು ಕಮಿಟಿಗೆ ಮತ್ತೆ ತೋರಿಸಿ, ರಜೆಯಲ್ಲಿ ಶುರು ಮಾಡಿ.